ಡಿಸೆಂಬರ್ ರಜೆಗೆ ಇಬ್ಬರೇ ವಿಯೆಟ್ನಾಂಗೆ: ಹನೋಯಿಯಿಂದ ಸೈಗಾನ್‌ವರೆಗೆ ಬ್ಯಾಕ್‌ಪ್ಯಾಕ್ ಮಾರ್ಗದರ್ಶಿ

ವರ್ಷದ ಕೊನೆಯ ಎರಡು ವಾರ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ಕಿದೆ, ಬೆನ್ನಿಗೆ ಚೀಲ ಏರಿಸಿಕೊಂಡು ಹೊರದೇಶ ಸುತ್ತಬೇಕು, ಆದರೆ ಯುರೋಪಿನ ಖರ್ಚು ಬೇಡ ಎನ್ನುವವರಿಗೆ ವಿಯೆಟ್ನಾಂ ಬಹಳ ಒಳ್ಳೆಯ ಆಯ್ಕೆ. ವೀಸಾ ಮನೆಯಲ್ಲೇ ಕುಳಿತು ಮಾಡಿಸಬಹುದು. ಉತ್ತರದ ತುದಿಯಿಂದ ದಕ್ಷಿಣಕ್ಕೆ ರೈಲು ಇದೆ. ಇಬ್ಬರಿಗೆ ಒಂದು ಶುಚಿಯಾದ ಕೋಣೆ ಎರಡು ಸಾವಿರ ರೂಪಾಯಿಯೊಳಗೆ ಸಿಗುತ್ತದೆ.

ಕಷ್ಟವಿರುವುದು ಹವಾಮಾನದಲ್ಲಿ. ಉತ್ತರ ದಕ್ಷಿಣವಾಗಿ ಸುಮಾರು 1,650 ಕಿಲೋಮೀಟರ್ ಚಾಚಿಕೊಂಡ ದೇಶ ಅದು. ಡಿಸೆಂಬರ್ ಕೊನೆಯಲ್ಲಿ ಹನೋಯಿಯಲ್ಲಿ 14ರಿಂದ 20 ಡಿಗ್ರಿ, ಮೋಡ ಕವಿದ ತೇವದ ಚಳಿ. ಸಾಪಾ, ಹಾ ಜಾಂಗ್ ಕಡೆಯ ಬೆಟ್ಟಗಳಲ್ಲಿ ರಾತ್ರಿ 5 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ನಡುಭಾಗದ ಹ್ಯೂ, ದಾ ನಾಂಗ್, ಹೊಯ್ ಆನ್‌ನಲ್ಲಿ ಈಶಾನ್ಯ ಮಾರುತದ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಹೋ ಚಿ ಮಿನ್ ಸಿಟಿಯಲ್ಲಿ, ಅಂದರೆ ಹಳೆಯ ಸೈಗಾನ್‌ನಲ್ಲಿ, 32 ಡಿಗ್ರಿ ಬಿಸಿಲು. ಒಂದೇ ಪ್ರವಾಸ, ಮೂರು ಋತು. ಊರುಗಳ ಪಟ್ಟಿ ಹಿಡಿದು ಯೋಜನೆ ಹಾಕಿದವರು ಇಲ್ಲಿ ಎಡವುತ್ತಾರೆ. ಮೊದಲು ಆಕಾಶ ನೋಡಿ, ಆಮೇಲೆ ಊರು ಆರಿಸಿ.

ದಾರಿ ಗೊತ್ತು ಮಾಡುವುದು

ಉತ್ತರದಲ್ಲಿ ಇಳಿದು ದಕ್ಷಿಣದಿಂದ ವಾಪಸ್ ಹಾರಿ. ಮೊದಲ ದಿನಗಳ ಹುಮ್ಮಸ್ಸಿನಲ್ಲಿ ಚಳಿ ತಡೆದುಕೊಳ್ಳಬಹುದು, ದಣಿದ ಕೊನೆಯ ದಿನಗಳಿಗೆ ಬಿಸಿಲು ಸಿಗುತ್ತದೆ, ದಪ್ಪ ಬಟ್ಟೆ ಚೀಲದ ತಳ ಸೇರುತ್ತದೆ. ಹನೋಯಿಗೆ ಹೋಗುವ, ಹೋ ಚಿ ಮಿನ್ ಸಿಟಿಯಿಂದ ಬರುವ ಟಿಕೆಟನ್ನು ಬುಕಿಂಗ್ ಸೈಟಿನ ‘ಮಲ್ಟಿ ಸಿಟಿ’ ಎಂಬಲ್ಲಿ ಹುಡುಕಬೇಕು. ಹನೋಯಿಗೇ ಹೋಗಿ ಬರುವ ಟಿಕೆಟ್ ಎರಡು ಸಾವಿರ ಅಗ್ಗವೆಂದು ಕಂಡರೂ ಮರಳಿ ಉತ್ತರಕ್ಕೆ ಬರಲು ಇನ್ನೊಂದು ವಿಮಾನ, ಒಂದು ದಿನ ಎರಡೂ ಹೋಗುತ್ತವೆ.

ಹದಿಮೂರು ರಾತ್ರಿಗೆ ನಾವು ಶಿಫಾರಸು ಮಾಡುವ ಹಂಚಿಕೆ ಇದು:

ಹನೋಯಿ: 3 ರಾತ್ರಿ
ನಿನ್ ಬಿನ್, ಅಂದರೆ ಟಾಮ್ ಕಾಕ್ ಹಳ್ಳಿ: 2 ರಾತ್ರಿ
ನಿನ್ ಬಿನ್‌ನಿಂದ ಹ್ಯೂಗೆ ರೈಲಿನಲ್ಲಿ: 1 ರಾತ್ರಿ
ಹ್ಯೂ: 1 ರಾತ್ರಿ
ಹೊಯ್ ಆನ್: 3 ರಾತ್ರಿ
ಹೋ ಚಿ ಮಿನ್ ಸಿಟಿ: 3 ರಾತ್ರಿ

ಇದರಲ್ಲಿ ಹಾ ಲಾಂಗ್ ಕೊಲ್ಲಿ ಇಲ್ಲ, ಸಾಪಾ ಇಲ್ಲ. ಬೇಕೆಂದೇ ಬಿಟ್ಟಿದ್ದೇವೆ. ಡಿಸೆಂಬರ್‌ನಲ್ಲಿ ಸಾಪಾದ ಗದ್ದೆಗಳಲ್ಲಿ ಪೈರು ಇರುವುದಿಲ್ಲ, ಮಂಜು ಕವಿದರೆ ಎದುರಿನ ಬೆಟ್ಟವೂ ಕಾಣುವುದಿಲ್ಲ. ಹಾ ಲಾಂಗ್‌ನಲ್ಲಿ ಗಾಳಿ ಜೋರಾದರೆ ಬಂದರಿನವರು ದೋಣಿಗಳನ್ನೇ ಬಿಡುವುದಿಲ್ಲ. ಅದೇ ಸುಣ್ಣಕಲ್ಲಿನ ಗುಡ್ಡಗಳ ನಡುವೆ ದೋಣಿಯಲ್ಲಿ ಹೋಗುವ ಸುಖ ನಿನ್ ಬಿನ್‌ನ ನದಿಯಲ್ಲಿ ಚಿಕ್ಕ ಪ್ರಮಾಣದಲ್ಲಿ, ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಐದು ನೆಲೆಗಳಿಗಿಂತ ಹೆಚ್ಚು ಬೇಡ. ಪ್ರತಿ ಊರು ಬದಲಾವಣೆಯೂ ಚೀಲ ಕಟ್ಟುವುದು, ಕೋಣೆ ಬಿಡುವುದು, ಮುಂದಿನ ಕೋಣೆ ಖಾಲಿಯಾಗಲು ಮಧ್ಯಾಹ್ನ ಎರಡರವರೆಗೆ ಕಾಯುವುದು ಎಂದು ಅರ್ಧ ದಿನ ತಿನ್ನುತ್ತದೆ. ದಂಪತಿಗಳ ನಡುವೆ ಸಿಡುಕು ಹುಟ್ಟುವುದೂ ಬಹುಪಾಲು ಅಂಥ ಅರ್ಧ ದಿನಗಳಲ್ಲೇ.

ಹೊರಡುವ ಐದು ದಿನ ಮುಂಚೆ ಹ್ಯೂ ಮತ್ತು ಹೊಯ್ ಆನ್‌ನ ಮಳೆ ಮುನ್ಸೂಚನೆ ನೋಡಿ. ಸತತ ಭಾರಿ ಮಳೆ ತೋರಿಸಿದರೆ ನಡುಭಾಗವನ್ನು ಎರಡು ರಾತ್ರಿಗೆ ಇಳಿಸಿ, ಉಳಿದುದನ್ನು ದಕ್ಷಿಣದ ದಾ ಲಾಟ್ ಬೆಟ್ಟಕ್ಕೋ ಫು ಕ್ವೊಕ್ ದ್ವೀಪಕ್ಕೋ ಕೊಡಿ. ಈ ಸ್ವಾತಂತ್ರ್ಯ ಉಳಿಯಬೇಕಾದರೆ ಹೊಯ್ ಆನ್ ಕೋಣೆಯನ್ನು ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲೇ ಕಾಯ್ದಿರಿಸಿ, ನೂರೈವತ್ತು ರೂಪಾಯಿ ಹೆಚ್ಚಾದರೂ ಸರಿ.

ವೀಸಾ: ಹೆಸರು, ದಿನಾಂಕ, ನಿಲ್ದಾಣ

2023ರ ಆಗಸ್ಟ್ 15ರಿಂದ ವಿಯೆಟ್ನಾಂನ ಇ-ವೀಸಾ 90 ದಿನಗಳವರೆಗೆ ಸಿಗುತ್ತದೆ. ಒಂದು ಬಾರಿ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಗೆ 50 ಡಾಲರ್. ಒಂದು ಬಾರಿಯದೇ ಸಾಕು. ಗಂಡ ಹೆಂಡತಿಗೆ ಜಂಟಿ ಅರ್ಜಿ ಇಲ್ಲ, ಒಬ್ಬೊಬ್ಬರದೂ ಬೇರೆ ಬೇರೆ.

1. ಸರ್ಕಾರಿ ಸೈಟಿನ ವಿಳಾಸ ‘ಡಾಟ್ ಗವ್ ಡಾಟ್ ವಿಎನ್’ ಎಂದು ಮುಗಿಯುತ್ತದೆ. ಹುಡುಕಿದಾಗ ಮೇಲೆ ಬರುವ ಜಾಹೀರಾತುಗಳು ಬಹುಮಟ್ಟಿಗೆ ಏಜೆಂಟರವು. ಅದೇ ಅರ್ಜಿ ತುಂಬಿಸಿಕೊಂಡು ಎರಡು ಮೂರು ಪಟ್ಟು ವಸೂಲಿ ಮಾಡುತ್ತವೆ.

2. ಪಾಸ್‌ಪೋರ್ಟ್‌ಗೆ ಪ್ರವೇಶದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಖಾಲಿ ಪುಟಗಳೂ ಇರಬೇಕು.

3. ಕನ್ನಡಿ ಹೊಳಪಿಲ್ಲದ ಮಾಹಿತಿ ಪುಟದ ಫೋಟೊ, ಕನ್ನಡಕ ತೆಗೆದ ಮುಖದ ಫೋಟೊ ಅಪ್‌ಲೋಡ್ ಮಾಡಿ. ಪಾಸ್‌ಪೋರ್ಟ್ ಪುಟದ ತಳದಲ್ಲಿರುವ ಎರಡು ಸಾಲಿನ ಕೋಡ್ ಪೂರ್ತಿ ಓದುವಂತಿರಬೇಕು. ಅದು ಕತ್ತರಿಸಿ ಹೋದರೆ ಅರ್ಜಿ ವಾಪಸ್.

4. ಹೆಸರು. ನಮ್ಮ ಕಡೆಯವರು ಹೆಚ್ಚು ತಪ್ಪು ಮಾಡುವ ಜಾಗ ಇದು. ಕೆಲವರ ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರೇ ಇಲ್ಲ, ಕೆಲವರದರಲ್ಲಿ ಊರು ಮತ್ತು ತಂದೆಯ ಹೆಸರು ಅಡ್ಡಹೆಸರಿನ ಜಾಗದಲ್ಲಿದೆ, ಆಧಾರ್‌ನಲ್ಲಿ ಇನಿಷಿಯಲ್ ಮಾತ್ರ. ಆಧಾರ್ ಮರೆತುಬಿಡಿ. ಪಾಸ್‌ಪೋರ್ಟ್‌ನಲ್ಲಿ ಯಾವುದು ಯಾವ ಸಾಲಿನಲ್ಲಿದೆಯೋ ಅದನ್ನೇ, ಅದೇ ಅಕ್ಷರಗಳಲ್ಲಿ ವೀಸಾಕ್ಕೂ ಟಿಕೆಟ್‌ಗೂ ಹಾಕಿ. ಇನಿಷಿಯಲ್ ಬಿಡಿಸಿ ಬರೆಯುವುದು, ಚಿಕ್ಕದು ಮಾಡುವುದು ಎರಡೂ ಬೇಡ. ಒಂದೇ ಹೆಸರಿದ್ದು ಏರ್‌ಲೈನ್ ಸೈಟ್ ಎರಡು ಕೇಳಿದರೆ, ಆ ಏರ್‌ಲೈನ್ ಒಂಟಿ ಹೆಸರಿಗೆ ಏನು ನಿಯಮ ಇಟ್ಟಿದೆ ಎಂದು ಓದಿಕೊಂಡೇ ಹಣ ಕಟ್ಟಿ.

5. ದಿನಾಂಕ. ಬೆಂಗಳೂರಿನಿಂದ ತಡರಾತ್ರಿ ಹೊರಡುವ ವಿಮಾನ ಅಲ್ಲಿಗೆ ಮುಟ್ಟುವುದು ಮರುದಿನ. ಆದರೂ ವೀಸಾ ಆರಂಭವನ್ನು ಹೊರಡುವ ದಿನಕ್ಕೇ ಇಡಿ. ಒಂದು ದಿನ ತಡವಾಗಿ ಒಳಹೋದರೆ ತೊಂದರೆಯಿಲ್ಲ, ಆರಂಭದ ದಿನಕ್ಕಿಂತ ಮುಂಚೆ ಮಾತ್ರ ಒಳಗೆ ಬಿಡುವುದಿಲ್ಲ. ಫಾರಂನಲ್ಲಿ ದಿನ, ತಿಂಗಳು, ವರ್ಷ ಈ ಕ್ರಮ.

6. ಪ್ರವೇಶ ನಿಲ್ದಾಣ ಹನೋಯಿಯ ನೊಯ್ ಬಾಯ್. ನಿರ್ಗಮನಕ್ಕೆ ನಿಮ್ಮ ವಾಪಸ್ ಟಿಕೆಟ್‌ನಲ್ಲಿರುವ ನಿಲ್ದಾಣ. ಹೋ ಚಿ ಮಿನ್ ಸಿಟಿಗೆ ತಾನ್ ಸನ್ ನ್ಯಾಟ್ ಜೊತೆಗೆ ಊರಾಚೆ ಲಾಂಗ್ ಥಾನ್ ಎಂಬ ಹೊಸ ವಿಮಾನ ನಿಲ್ದಾಣ ಕಟ್ಟಿದ್ದಾರೆ. ಟಿಕೆಟ್‌ನಲ್ಲಿ ಯಾವುದಿದೆ ಎಂದು ಎರಡು ಸಲ ಓದಿ, ಎರಡರ ನಡುವೆ ಬಹಳ ದೂರವಿದೆ.

ಮಂಜೂರಾತಿಗೆ ಹೇಳುವುದು ಮೂರು ಕೆಲಸದ ದಿನ. ವರ್ಷಾಂತ್ಯದ ನೂಕುನುಗ್ಗಲಲ್ಲಿ ಅದು ಎಳೆಯಬಹುದು, ತಪ್ಪಾದರೆ ಹೊಸ ಅರ್ಜಿ, ಹೊಸ ಶುಲ್ಕ. ಕಟ್ಟಿದ ಹಣ ವಾಪಸ್ ಬರುವುದಿಲ್ಲ. ನವೆಂಬರ್ ಮಧ್ಯದಲ್ಲೇ ಮುಗಿಸಿ. ಬಂದ ಪಿಡಿಎಫ್‌ನಲ್ಲಿ ಪಾಸ್‌ಪೋರ್ಟ್ ಸಂಖ್ಯೆಯ ಒಂದೊಂದು ಅಂಕಿಯನ್ನೂ ಒಬ್ಬರು ಓದಿ ಇನ್ನೊಬ್ಬರು ತಾಳೆ ನೋಡಿ. ತಲಾ ಎರಡು ಪ್ರತಿ ಮುದ್ರಿಸಿ, ಅವನದು ಅವಳ ಚೀಲದಲ್ಲಿ, ಅವಳದು ಅವನ ಚೀಲದಲ್ಲೂ ಇರಲಿ.

ವಿಮಾನ ಮತ್ತು ಏಳು ಕಿಲೋ ಲೆಕ್ಕ

ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಸರಿ, ಇಲ್ಲವಾದರೆ ಬ್ಯಾಂಕಾಕ್, ಕೌಲಾಲಂಪುರ ಅಥವಾ ಸಿಂಗಪುರದ ಮೂಲಕ. ಎರಡು ಬೇರೆ ಬೇರೆ ಟಿಕೆಟ್ ಕೊಂಡು ಜೋಡಿಸುವ ಆಸೆಗೆ ಬೀಳಬೇಡಿ. ಮೊದಲ ವಿಮಾನ ತಡವಾದರೆ ಎರಡನೆಯದು ನಿಮಗಾಗಿ ಕಾಯುವುದಿಲ್ಲ, ಹಣವೂ ಹೋಗುತ್ತದೆ. ನಡುವೆ ಚೀಲ ಬಿಡಿಸಿಕೊಳ್ಳಬೇಕಾದರೆ ಆ ದೇಶದೊಳಗೆ ಪ್ರವೇಶ ಪಡೆಯಬೇಕು. ಡಿಸೆಂಬರ್ 20ರ ನಂತರ ಹೊರಟು ಜನವರಿ ಮೊದಲ ವಾರ ಬರುವ ಟಿಕೆಟ್‌ಗೆ ಸೆಪ್ಟೆಂಬರ್‌ನಲ್ಲೇ ಕೈ ಹಾಕಿ. ಇಬ್ಬರದೂ ಒಂದೇ ಪಿಎನ್‌ಆರ್‌ನಲ್ಲಿರಲಿ, ವಿಮಾನ ರದ್ದಾದಾಗ ಒಟ್ಟಿಗೆ ಬದಲಿ ಸೀಟು ಸಿಗುತ್ತದೆ.

ಅಗ್ಗದ ವಿಮಾನಗಳಲ್ಲಿ, ವಿಯೆಟ್‌ಜೆಟ್‌ನಂಥವುಗಳಲ್ಲಿ, ಕೈಚೀಲಕ್ಕೆ 7 ಕಿಲೋ ಮಿತಿ. ಗೇಟಿನ ಬಳಿ ತೂಕ ಹಾಕಿಸುವುದು ಅಲ್ಲಿ ಸಾಮಾನ್ಯ, ಹೆಚ್ಚಾದರೆ ಅಲ್ಲೇ ಕಟ್ಟಬೇಕಾದ ಶುಲ್ಕ ಮುಂಚಿತ ಬುಕಿಂಗ್‌ಗಿಂತ ಬಹಳ ದುಬಾರಿ. ಜೋಡಿಗೆ ಒಳ್ಳೆಯ ಉಪಾಯವೆಂದರೆ ಇಬ್ಬರ ನಡುವೆ ಒಂದೇ ಚೆಕ್-ಇನ್ ಚೀಲದ ತೂಕ ಕೊಳ್ಳುವುದು. ಒಬ್ಬರದು 38ರಿಂದ 40 ಲೀಟರ್ ಚೀಲ ಲಗೇಜಿಗೆ ಹೋಗಲಿ, ಇನ್ನೊಬ್ಬರ 30 ಲೀಟರ್ ಚೀಲ ಕೈಯಲ್ಲಿರಲಿ. ಮೊದಲ ರಾತ್ರಿಗೆ ಬೇಕಾದ ಇಬ್ಬರ ಬಟ್ಟೆಯೂ ಔಷಧಿಯೂ ಕೈಚೀಲದಲ್ಲೇ ಇರಬೇಕು.

ತಲಾ ಇಷ್ಟು ಸಾಕು: ಟೀ ಶರ್ಟ್ 4, ಪ್ಯಾಂಟ್ 2, ಥರ್ಮಲ್ 1 ಜೊತೆ, ಫ್ಲೀಸ್ ಅಥವಾ ಸ್ವೆಟರ್ 1, ಒಳಉಡುಪು 5, ಕಾಲುಚೀಲ 3 ಜೊತೆ, ತೆಳು ಟವೆಲ್, ಚಪ್ಪಲಿ, ಬೆನ್ನಿನ ಚೀಲದ ಮೇಲೂ ಬರುವಷ್ಟು ದೊಡ್ಡ ರೇನ್ ಪೊಂಚೊ. ಶೂ, ಜಾಕೆಟ್ ಮೈಮೇಲೆ ಇರಲಿ. ಬೆಂಗಳೂರಿನ ಜನವರಿಯಲ್ಲೇ 15 ಡಿಗ್ರಿ ನೋಡಿದವರಿಗೆ ಹನೋಯಿ ಏನು ಮಹಾ ಎನಿಸಬಹುದು. ಅಲ್ಲಿನ ಅಗ್ಗದ ಕೋಣೆಗಳಲ್ಲಿ ಹೀಟರ್ ಇರುವುದಿಲ್ಲ, ಹಗಲೆಲ್ಲ ಬಿಸಿಲು ಬೀಳುವುದಿಲ್ಲ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಹಾಗಾಗಿ ಅದೇ 15 ಡಿಗ್ರಿ ಮೂಳೆಗೆ ತಾಗುತ್ತದೆ. ಕೋಣೆ ಆರಿಸುವಾಗ ಬಿಸಿಗಾಳಿಯೂ ಕೊಡುವ ಎಸಿ ಇದೆಯೇ ಎಂದು ಸಂದೇಶ ಕಳಿಸಿ ಕೇಳಿ. ದಪ್ಪ ಜಾಕೆಟ್ ಮನೆಯಲ್ಲಿಲ್ಲದಿದ್ದರೆ ಇಲ್ಲಿ ಕೊಳ್ಳುವುದು ಬೇಡ, ಹನೋಯಿಯ ಹಳೆ ಪೇಟೆಯ ಅಂಗಡಿಗಳಲ್ಲಿ ಚೌಕಾಸಿ ಮಾಡಿ ಕೊಳ್ಳಬಹುದು.

ಕೈಯಲ್ಲಿ ಒಗೆದ ಬಟ್ಟೆ ಹನೋಯಿಯಲ್ಲಿ ಎರಡು ದಿನವಾದರೂ ಒಣಗುವುದಿಲ್ಲ. ಕಿಲೋ ಲೆಕ್ಕದಲ್ಲಿ ಒಗೆದು ಡ್ರೈಯರ್‌ನಲ್ಲಿ ಒಣಗಿಸಿ ಕೊಡುವ ಲಾಂಡ್ರಿ ಪ್ರತಿ ಬೀದಿಯಲ್ಲಿದೆ. ಊರು ಬಿಡುವ ಹಿಂದಿನ ದಿನ ಬೆಳಿಗ್ಗೆಯೇ ಕೊಡಿ.

ವಿದ್ಯುತ್ 220 ವೋಲ್ಟ್, ಹೆಚ್ಚುಕಡಿಮೆ ನಮ್ಮಂತೆಯೇ. ಎರಡು ದುಂಡು ಪಿನ್ನಿನ ಚಾರ್ಜರ್ ಹಾಗೇ ಕೂರುತ್ತದೆ, ನಮ್ಮ ಮೂರು ಪಿನ್ನಿನದು ಕೂರುವುದಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ; 20,000 ಎಂಎಎಚ್‌ನದು 74 ವ್ಯಾಟ್ ಅವರ್ ಆಗುತ್ತದೆ, 100ರ ಮಿತಿಯೊಳಗಿದೆ. ಇ-ಸಿಗರೇಟನ್ನು 2025ರಿಂದ ವಿಯೆಟ್ನಾಂ ನಿಷೇಧಿಸಿದೆ.

ಹಣ

ವಿಯೆಟ್ನಾಂನ ಹಣ ಡಾಂಗ್. ಒಂದು ಲಕ್ಷ ಡಾಂಗ್ ಎಂದರೆ ಸುಮಾರು 340 ರೂಪಾಯಿ. ಲಕ್ಷದಲ್ಲಿ ಎಣಿಸುವ ನಮಗೆ ಇದು ಸುಲಭ: ಎಷ್ಟು ಲಕ್ಷವೋ ಅಷ್ಟನ್ನು 340ರಿಂದ ಗುಣಿಸಿ. ಹೊರಡುವ ವಾರದ ದರ ನೋಡಿ ಆ ಒಂದು ಅಂಕಿ ಸರಿಪಡಿಸಿಕೊಳ್ಳಿ.

ನೋಟುಗಳ ಬಗ್ಗೆ ಎಚ್ಚರ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಸಂಜೆ ಬೆಳಕಿನಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ ಸಾವಿರದ ಆರುನೂರು ರೂಪಾಯಿ ಹೋಯಿತು. 5 ಲಕ್ಷ ಮತ್ತು 2 ಲಕ್ಷದ ನೋಟುಗಳನ್ನು ಬೇರೆ ಜೇಬಿನಲ್ಲಿಡಿ, ಕೊಡುವಾಗ ಸೊನ್ನೆ ಎಣಿಸಿ.

ಭಾರತದ ಕಾರ್ಡ್‌ಗಳಲ್ಲಿ ಹೊರದೇಶದ ಬಳಕೆ ಮೊದಲೇ ಬಂದ್ ಆಗಿರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಎಟಿಎಂ, ಅಂಗಡಿ ಯಂತ್ರ, ಆನ್‌ಲೈನ್ ಮೂರನ್ನೂ ಪ್ರತ್ಯೇಕವಾಗಿ ಚಾಲೂ ಮಾಡಿ ಮಿತಿ ಹಾಕಿ. ಒಬ್ಬರಲ್ಲಿ ವೀಸಾ ಜಾಲದ ಕಾರ್ಡ್, ಇನ್ನೊಬ್ಬರಲ್ಲಿ ಮಾಸ್ಟರ್‌ಕಾರ್ಡ್ ಇರಲಿ, ಬೇರೆ ಬ್ಯಾಂಕಿನವಾದರೆ ಇನ್ನೂ ಒಳ್ಳೆಯದು. ಎಟಿಎಂ ಪ್ರತಿ ಸಲಕ್ಕೂ ಶುಲ್ಕ ಹಿಡಿಯುವುದರಿಂದ ಸಣ್ಣ ಮೊತ್ತವನ್ನು ಪದೇ ಪದೇ ತೆಗೆಯಬೇಡಿ. ಪರದೆಯ ಮೇಲೆ ‘ರೂಪಾಯಿಯಲ್ಲೇ ಕಡಿತ ಮಾಡೋಣವೇ’ ಎಂಬ ಪ್ರಶ್ನೆ ಬಂದರೆ ಬೇಡ ಎನ್ನಿ. ಆ ಪರಿವರ್ತನೆ ದರದಲ್ಲಿ ನಿಮಗೆ ನಷ್ಟ. ಜೊತೆಗೆ 300ರಿಂದ 400 ಡಾಲರ್ ನಗದು, ಗೀಟು ಕಲೆ ಇಲ್ಲದ ಹೊಸ ನೋಟುಗಳು. ಹರಿದ, ಬರೆದ ಡಾಲರನ್ನು ತೆಗೆದುಕೊಳ್ಳುವುದಿಲ್ಲ. 5,000 ಡಾಲರ್‌ಗಿಂತ ಹೆಚ್ಚಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಬೀದಿ ಅಂಗಡಿಗಳಲ್ಲಿ ಕಾಣುವ ಕ್ಯೂಆರ್ ಫಲಕ ಅಲ್ಲಿನ ಬ್ಯಾಂಕ್ ಖಾತೆಯವರಿಗೆ, ಯುಪಿಐ ನಂಬಿಕೊಂಡು ಹೋಗಬೇಡಿ.

ಇಬ್ಬರ ಒಟ್ಟು ಅಂದಾಜು ಹೀಗೆ: ಹನ್ನೆರಡು ರಾತ್ರಿ ಕೋಣೆಗೆ 20ರಿಂದ 24 ಸಾವಿರ ರೂಪಾಯಿ, ಊಟ ತಿಂಡಿಗೆ 22ರಿಂದ 26 ಸಾವಿರ, ಊರೂರ ನಡುವಿನ ರೈಲು ಮತ್ತು ಒಳದೇಶದ ವಿಮಾನಕ್ಕೆ 20 ಸಾವಿರ, ದೋಣಿ ಮತ್ತು ಪ್ರವೇಶ ಟಿಕೆಟ್‌ಗಳಿಗೆ 15 ಸಾವಿರ, ಊರೊಳಗಿನ ಓಡಾಟ, ಸಿಮ್, ಲಾಂಡ್ರಿಗೆ 10 ಸಾವಿರ. ಅಲ್ಲಿಗೆ ಸುಮಾರು 90 ಸಾವಿರ ಆಯಿತು. ವೀಸಾ, ವಿಮೆ ಮತ್ತು ಅಂತರರಾಷ್ಟ್ರೀಯ ವಿಮಾನ ಸೇರಿಸಿದರೆ ಒಂದು ಲಕ್ಷ ಅರವತ್ತರಿಂದ ತೊಂಬತ್ತು ಸಾವಿರ. ಇದಕ್ಕಿಂತ ಬಹಳ ಮೇಲೆ ಹೋಗುತ್ತಿದ್ದರೆ ಕೋಣೆ ಅಥವಾ ವಿಮಾನ ತಡವಾಗಿ ಬುಕ್ ಆಗಿದೆ ಎಂದರ್ಥ.

ಫೋನ್ ಕೆಲಸ ಬೆಂಗಳೂರಿನಲ್ಲೇ ಮುಗಿಸಿ

ಓಲಾ, ಉಬರ್‌ನಂತೆ ಟ್ಯಾಕ್ಸಿ ಕರೆಸುವ ಗ್ರ್ಯಾಬ್ ಆ್ಯಪ್‌ಗೆ ನೋಂದಣಿ ಮಾಡಿ, ಒಟಿಪಿ ಪಡೆದು, ಕಾರ್ಡ್ ಸೇರಿಸಿ. ಅಲ್ಲಿ ಇಳಿದ ಮೇಲೆ ಮಾಡುತ್ತೇವೆಂದರೆ ಭಾರತದ ನಂಬರಿಗೆ ಒಟಿಪಿ ಬಾರದೆ ನಿಲ್ದಾಣದ ಹೊರಗೇ ಸಿಕ್ಕಿಕೊಳ್ಳುತ್ತೀರಿ. ಹಸಿರು ನೀಲಿ ಬಣ್ಣದ ಎಲೆಕ್ಟ್ರಿಕ್ ಟ್ಯಾಕ್ಸಿಗಳ ಕ್ಸಾನ್ ಎಸ್‌ಎಂ ಆ್ಯಪ್ ಕೂಡ ಇರಲಿ. ಒಬ್ಬರ ಫೋನಿನಲ್ಲಾದರೂ ಭಾರತದ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಇರಬೇಕು, ಬ್ಯಾಂಕ್ ಒಟಿಪಿಗಾಗಿ; ಡೇಟಾ ರೋಮಿಂಗ್ ಮಾತ್ರ ಆಫ್. ಇಂಟರ್‌ನೆಟ್‌ಗೆ ಇಬ್ಬರಿಗೂ ಬೇರೆ ಬೇರೆ ಸಿಮ್ ಅಥವಾ ಇ-ಸಿಮ್ ಇರಲಿ. ಒಂದನ್ನೇ ಹಾಟ್‌ಸ್ಪಾಟ್ ಮಾಡಿಕೊಂಡರೆ ಸಂತೆಯಲ್ಲಿ ಕೈ ತಪ್ಪಿದ ಕ್ಷಣದಲ್ಲಿ ಒಬ್ಬರು ಪೂರ್ತಿ ಕುರುಡು. ಬೆಟ್ಟ ಹಳ್ಳಿಗಳಲ್ಲೂ ವಿಯೆಟೆಲ್ ಕಂಪನಿಯ ಸಿಮ್‌ಗೆ ಸಿಗ್ನಲ್ ಚೆನ್ನಾಗಿದೆ. ಆಫ್‌ಲೈನ್ ನಕ್ಷೆ ಮತ್ತು ಅನುವಾದ ಆ್ಯಪ್‌ನ ವಿಯೆಟ್ನಾಮಿ ಕಡತ ಎರಡನ್ನೂ ಇಳಿಸಿಕೊಳ್ಳಿ.

ಹನೋಯಿ, ನಿನ್ ಬಿನ್, ಮತ್ತು ರಾತ್ರಿ ರೈಲು

ನೊಯ್ ಬಾಯ್‌ನಿಂದ ಹಳೆ ಪೇಟೆಗೆ ಸುಮಾರು 27 ಕಿಲೋಮೀಟರ್. ಕಿತ್ತಳೆ ಬಣ್ಣದ 86ನೇ ನಂಬರ್ ಬಸ್ ಹಳೆ ಪೇಟೆಯ ಅಂಚಿನಿಂದ ರೈಲು ನಿಲ್ದಾಣದವರೆಗೆ ಹೋಗುತ್ತದೆ. ತಡರಾತ್ರಿಯಾದರೆ ಗ್ರ್ಯಾಬ್. ಒಳಬಾಗಿಲಲ್ಲೇ ಬಂದು ‘ಟ್ಯಾಕ್ಸಿ’ ಎನ್ನುವವರ ಜೊತೆ ಮಾತು ಬೇಡ. ಗಡಿಯಾರ ಒಂದೂವರೆ ಗಂಟೆ ಮುಂದಕ್ಕೆ.

ಹೋಟೆಲಿನವರು ಪಾಸ್‌ಪೋರ್ಟ್ ಕೇಳುತ್ತಾರೆ. ಅತಿಥಿಗಳ ವಿವರ ಪೊಲೀಸರಿಗೆ ಸಲ್ಲಿಸುವುದು ಅವರ ಕಾನೂನು ಕರ್ತವ್ಯ. ಫೋಟೊ ತೆಗೆದುಕೊಂಡ ಮೇಲೆ ವಾಪಸ್ ಕೇಳಿ ಪಡೆಯಿರಿ, ಹೊರಡುವವರೆಗೆ ಅವರ ಬಳಿಯೇ ಬಿಡಬೇಡಿ. ಮದುವೆ ಪ್ರಮಾಣಪತ್ರ ಯಾರೂ ಕೇಳುವುದಿಲ್ಲ. ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ತವರಿನ ಹೆಸರಿದ್ದರೂ ಪರವಾಗಿಲ್ಲ. ಬುಕಿಂಗ್‌ನಲ್ಲಿ ‘ಡಬಲ್’ ಎಂದರೆ ಒಂದು ದೊಡ್ಡ ಮಂಚ, ‘ಟ್ವಿನ್’ ಎಂದರೆ ಎರಡು ಚಿಕ್ಕವು. ಹಳೆ ಪೇಟೆಯಲ್ಲಿ ‘ಕಿಟಕಿ ಇದೆ’ ಎಂದು ಸ್ಪಷ್ಟವಾಗಿ ಬರೆಯದ ಅಗ್ಗದ ಕೋಣೆಗೆ ಕಿಟಕಿ ಇರುವುದಿಲ್ಲ, ಆ ತೇವದಲ್ಲಿ ಬೂಷ್ಟಿನ ವಾಸನೆ ಖಂಡಿತ.

ಹನೋಯಿಯಿಂದ ನಿನ್ ಬಿನ್‌ಗೆ ರೈಲಿನಲ್ಲಿ ಎರಡೂಕಾಲು ಗಂಟೆ. ಪೇಟೆಯಲ್ಲಿ ಉಳಿಯದೆ ಟಾಮ್ ಕಾಕ್‌ಗೆ ಹೋಗಿ ಸೈಕಲ್ ಬಾಡಿಗೆಗೆ ಹಿಡಿಯಿರಿ. ದೋಣಿಗೆ ಟಾಮ್ ಕಾಕ್‌ಗಿಂತ ಹತ್ತಿರದ ಟ್ರಾಂಗ್ ಆನ್ ಒಳ್ಳೆಯದು: ಮೂರು ಗಂಟೆಯ ಸುತ್ತು, ಗುಹೆಗಳ ಒಳಗಿಂದ ಹಾದಿ, ಟಿಕೆಟ್ ತಲಾ ಸುಮಾರು ಎರಡೂವರೆ ಲಕ್ಷ ಡಾಂಗ್. ಒಂದು ದೋಣಿಗೆ ನಾಲ್ಕು ಜನ ಬೇಕೆನ್ನುತ್ತಾರೆ, ಹಾಗಾಗಿ ಸಾಲಿನಲ್ಲೇ ಇನ್ನೊಂದು ಜೋಡಿಯನ್ನು ಮಾತನಾಡಿಸಿಕೊಳ್ಳಿ. ಬೆಳಿಗ್ಗೆ ಎಂಟರೊಳಗೆ ಹೋದರೆ ಹನೋಯಿಯ ಬಸ್ಸುಗಳು ಬರುವ ಮೊದಲು ಗುಹೆ ದಾಟಬಹುದು. ದೋಣಿಯಲ್ಲಿ ಅಲ್ಲಾಡದೆ ಕೂರಬೇಕಾದ್ದರಿಂದ ಚಳಿ ಹೆಚ್ಚು, ಥರ್ಮಲ್ ಹಾಕಿಕೊಂಡೇ ಹೋಗಿ.

ಇನ್ನು ರಾತ್ರಿ ರೈಲು. ಹನೋಯಿ-ಸೈಗಾನ್ ಮಾರ್ಗದ ಉದ್ದ 1,726 ಕಿಲೋಮೀಟರ್. ಎಸ್‌ಇ1, ಎಸ್‌ಇ3 ಹೀಗೆ ಬೆಸ ಸಂಖ್ಯೆಯವು ದಕ್ಷಿಣಕ್ಕೆ, ಸಮ ಸಂಖ್ಯೆಯವು ಉತ್ತರಕ್ಕೆ. ಹನೋಯಿಯಿಂದ ಸಂಜೆ ಅಥವಾ ರಾತ್ರಿ ಹೊರಟು ನಿನ್ ಬಿನ್‌ನಲ್ಲಿ ನಿಲ್ಲುವ ರೈಲು ಹಿಡಿದರೆ ಬೆಳಿಗ್ಗೆ ಹ್ಯೂ ತಲುಪುತ್ತೀರಿ, ಹನ್ನೊಂದು ಹನ್ನೆರಡು ಗಂಟೆ ದಾರಿ. ‘ಸಾಫ್ಟ್ ಸ್ಲೀಪರ್’ನಲ್ಲಿ ನಾಲ್ಕು ಬರ್ತ್, ‘ಹಾರ್ಡ್ ಸ್ಲೀಪರ್’ನಲ್ಲಿ ಆರು. ಆರರದರಲ್ಲಿ ಮೇಲಿನ ಬರ್ತ್‌ಗೆ ಎದ್ದು ಕೂರುವಷ್ಟೂ ಜಾಗವಿಲ್ಲ. ಸಾಫ್ಟ್ ಸ್ಲೀಪರ್‌ನಲ್ಲಿ ಒಂದೇ ಬದಿಯ ಮೇಲಿನದು ಕೆಳಗಿನದು ತೆಗೆದುಕೊಳ್ಳಿ. ಕೆಳಗಿನದರಲ್ಲಿ ಇಬ್ಬರೂ ಕೂರಬಹುದು, ಚೀಲಗಳು ಅದರಡಿಯಲ್ಲಿ.

ಟಿಕೆಟ್ ಹುಡುಕಾಟ ಎರಡು ತಿಂಗಳ ಮುಂಚೆ ಶುರುವಾಗಲಿ. ರೈಲ್ವೆಯ ಸ್ವಂತ ಸೈಟಿನಲ್ಲಿ ಹೊರಗಿನ ಕಾರ್ಡ್ ಕೆಲವೊಮ್ಮೆ ತಿರಸ್ಕೃತವಾಗುತ್ತದೆ. ಆಗ ಬಾವೊಲಾವ್, 12ಗೊ ಮುಂತಾದ ಮಧ್ಯವರ್ತಿ ಸೈಟುಗಳಲ್ಲಿ ಸ್ವಲ್ಪ ಕಮಿಷನ್ ಕೊಟ್ಟು ಪಡೆಯಿರಿ. ನಿನ್ ಬಿನ್‌ನಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ, ಬೋಗಿ ಸಂಖ್ಯೆ ಎಲ್ಲಿ ಬರುತ್ತದೆಂದು ಸಿಬ್ಬಂದಿಗೆ ಟಿಕೆಟ್ ತೋರಿಸಿ ಮೊದಲೇ ಆ ಜಾಗದಲ್ಲಿ ನಿಂತಿರಿ. ನಿಮ್ಮ ಬರ್ತ್ ಮೇಲೆ ಯಾರೋ ಮಲಗಿದ್ದರೆ ಗಾಬರಿ ಬೇಡ, ಟಿಕೆಟ್ ತೋರಿಸಿದರೆ ಏಳುತ್ತಾರೆ. ಹೊದಿಕೆ ಕೊಡುತ್ತಾರೆ, ಆದರೆ ಅದು ಈಗಷ್ಟೇ ಒಗೆದದ್ದು ಎಂದು ಹೇಳಲಾಗದು. ಒಂದು ತೆಳು ಪಂಚೆ ಹಾಸಿಕೊಂಡರೆ ನೆಮ್ಮದಿ. ಬೆಳಗಿನ ಜಾವ ಶೌಚಾಲಯ ಹೊಲಸಾಗುತ್ತದೆ, ಟಿಶ್ಯೂ ನಿಮ್ಮದೇ ಇರಲಿ. ಇಳಿಯುವ ಊರು ಬಂತೇ ಎಂಬುದಕ್ಕೆ ಆಫ್‌ಲೈನ್ ನಕ್ಷೆಯ ನೀಲಿ ಚುಕ್ಕೆ ನೋಡುತ್ತಿರಿ.

ಹ್ಯೂನಿಂದ ದಾ ನಾಂಗ್‌ಗೆ ಹಗಲು ರೈಲನ್ನೇ ಹಿಡಿಯಿರಿ. ಹೈ ವಾನ್ ಘಟ್ಟದಲ್ಲಿ ಹಳಿ ಸಮುದ್ರದ ಅಂಚಿಗೇ ಅಂಟಿಕೊಂಡು ಹೋಗುತ್ತದೆ, ಎರಡೂವರೆಯಿಂದ ಮೂರು ಗಂಟೆ. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಗಡೆ. ಈ ತುಂಡಿಗೆ ಸ್ಲೀಪರ್ ಬೇಡ, ಕಿಟಕಿ ಪಕ್ಕದ ಸೀಟು ಸಾಕು. ಬಸ್ಸು ಬೆಟ್ಟದ ಸುರಂಗದೊಳಗಿಂದ ಹೋಗಿಬಿಡುವುದರಿಂದ ಏನೂ ಕಾಣದು.

ಹೊಯ್ ಆನ್ ಮತ್ತು ಮಿ ಸನ್

ಹೊಯ್ ಆನ್‌ಗೆ ರೈಲಿಲ್ಲ. ದಾ ನಾಂಗ್‌ನಿಂದ 30 ಕಿಲೋಮೀಟರ್ ಗ್ರ್ಯಾಬ್ ಕಾರು. ಕೋಣೆಯನ್ನು ಥು ಬೊನ್ ನದಿ ದಂಡೆಯಲ್ಲಿ ಮಾತ್ರ ತೆಗೆದುಕೊಳ್ಳಬೇಡಿ. ಚಿತ್ರದಲ್ಲಿ ಬಹಳ ಚಂದ, ಆದರೆ ಮಳೆಗಾಲದ ಬಾಲದಲ್ಲಿ ಹೊಳೆ ಉಕ್ಕಿದರೆ ಮೊದಲು ನೀರು ನುಗ್ಗುವುದು ಆ ಬೀದಿಗಳಿಗೇ. ಹಳೆ ಪೇಟೆಯ ಉತ್ತರಕ್ಕೆ ಹತ್ತು ನಿಮಿಷ ನಡಿಗೆಯ ದೂರದಲ್ಲಿ, ಒಂದನೇ ಮಹಡಿ ಅಥವಾ ಮೇಲೆ ಇರಲಿ.

ಒಂದು ಬೆಳಗು ಮಿ ಸನ್‌ಗೆ ಮೀಸಲಿಡಿ. ಸುಮಾರು 40 ಕಿಲೋಮೀಟರ್ ದೂರದ ಕಣಿವೆಯಲ್ಲಿ, ಹಿಂದೆ ಈ ನಡುಭಾಗವನ್ನು ಆಳುತ್ತಿದ್ದ ಚಂಪಾ ಅರಸರು 4ನೇ ಶತಮಾನದಿಂದ 13ನೇ ಶತಮಾನದವರೆಗೆ ಕಟ್ಟಿಸಿದ ಶಿವಾಲಯಗಳಿವೆ, ಇಟ್ಟಿಗೆಯವು. ಭದ್ರವರ್ಮ ಎಂಬ ಅರಸ ಇಲ್ಲಿ ಭದ್ರೇಶ್ವರನನ್ನು ಪ್ರತಿಷ್ಠಾಪಿಸಿದ. 1969ರಲ್ಲಿ ಅಮೆರಿಕದ ಬಾಂಬ್ ದಾಳಿಯಲ್ಲಿ ಬಹಳಷ್ಟು ಹಾಳಾಯಿತು. 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಎ, ಎಚ್, ಕೆ ಗುಂಪಿನ ಗುಡಿಗಳನ್ನು ದುರಸ್ತಿ ಮಾಡಿದವರು ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು. 2020ರಲ್ಲಿ ಆ ಕೆಲಸದ ವೇಳೆಯೇ ಮರಳುಗಲ್ಲಿನ ಒಂದು ದೊಡ್ಡ ಲಿಂಗ ಸಿಕ್ಕಿತು. ಪಟ್ಟದಕಲ್ಲು, ಐಹೊಳೆ ನೋಡಿದ ಕಣ್ಣಿಗೆ ಗರ್ಭಗುಡಿ, ಸೋಮಸೂತ್ರ, ಶಾಸನದ ಕಲ್ಲು ಎಲ್ಲ ಪರಿಚಿತವೆನಿಸಿ, ಇಟ್ಟಿಗೆ ಕೆಲಸ ಮಾತ್ರ ಹೊಸದಾಗಿ ಕಾಣುತ್ತದೆ. ಇಷ್ಟು ದೂರ ಬಂದು ಹೊಯ್ ಆನ್ ಬೀದಿಗಳ ಲಾಂದ್ರದ ಫೋಟೊ ಮಾತ್ರ ತೆಗೆದು ಮಿ ಸನ್ ಬಿಟ್ಟು ಬರುವುದು ನಿಜಕ್ಕೂ ನಷ್ಟ.

ಊಟ

ಸಸ್ಯಾಹಾರಿಗಳಿಗೆ ವಿಯೆಟ್ನಾಂ ಕಷ್ಟ ಎಂಬ ಮಾತು ಅರ್ಧ ನಿಜ. ಬೌದ್ಧ ಸಂಪ್ರದಾಯದ ಶುದ್ಧ ಸಸ್ಯಾಹಾರಕ್ಕೆ ಅಲ್ಲಿ ‘ಚಾಯ್’ ಎನ್ನುತ್ತಾರೆ. ‘ಕೊಮ್ ಚಾಯ್’ ಎಂಬ ಫಲಕದ ಅನ್ನದ ಹೋಟೆಲು ಪ್ರತಿ ಊರಲ್ಲೂ ಇದೆ, ಸಾಂಪ್ರದಾಯಿಕವಾದವುಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ಇಂಥ ಹೋಟೆಲುಗಳು ತುಂಬಿ ತುಳುಕುತ್ತವೆ. ಎಡವುವುದು ಮಾಮೂಲಿ ಹೋಟೆಲಿನಲ್ಲಿ. ‘ಮಾಂಸ ಬೇಡ’ ಎಂದರೆ ತುಂಡು ತೆಗೆದು ಅದೇ ಮೂಳೆ ಸಾರಿನ ಫೋ, ಅಂದರೆ ಅಕ್ಕಿ ನೂಡಲ್ಸ್ ಸೂಪ್, ಕೊಡುತ್ತಾರೆ, ಹುರಿದ ಸೊಪ್ಪಿಗೂ ಮೀನಿನ ಸಾಸ್ ಬೀಳುತ್ತದೆ. ಬಾಯಿಯಲ್ಲಿ ಹೇಳಿದರೆ ಸ್ವರ ತಪ್ಪಿ ಅರ್ಥವಾಗುವುದಿಲ್ಲ. ‘ನಾವು ಚಾಯ್ ಊಟದವರು, ಮಾಂಸ, ಮೀನು, ಮೂಳೆ ಸಾರು, ಮೀನಿನ ಸಾಸ್ ಬೇಡ, ಮೊಟ್ಟೆ ಆಗುತ್ತದೆ’ ಅಥವಾ ‘ಆಗುವುದಿಲ್ಲ’ ಎಂದು ವಿಯೆಟ್ನಾಮಿಯಲ್ಲಿ ಅನುವಾದಿಸಿ ಫೋಟೊ ಮಾಡಿಟ್ಟುಕೊಂಡು ತೋರಿಸಿ.

ಬಹುತೇಕ ಕೋಣೆಗಳಲ್ಲಿ ಬಿಸಿನೀರಿನ ಕೆಟಲ್ ಇರುತ್ತದೆ. ಬಿಸಿನೀರು ಹಾಕಿದರೆ ಸಿದ್ಧವಾಗುವ ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ ಆರೆಂಟು, ಒಂದು ಡಬ್ಬಿ ಚಟ್ನಿಪುಡಿ ಸಾಕು. ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜನ್ನು ಕೈಚೀಲದಲ್ಲಿಟ್ಟರೆ ದ್ರವ ಪದಾರ್ಥದ ಲೆಕ್ಕಕ್ಕೆ ಸೇರಿಸಿ ತೆಗೆದಿಡಬಹುದು. ಚೆಕ್-ಇನ್ ಚೀಲಕ್ಕೆ ಹಾಕಿ. ನಲ್ಲಿ ನೀರು ಕುಡಿಯಬೇಡಿ.

ಬೈಕ್ ಆಸೆ

ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಬೈಕ್ ಕೊಡುತ್ತಾರೆ, ಅದರಿಂದ ಅದು ಕಾನೂನುಬದ್ಧವಾಗುವುದಿಲ್ಲ. ಪೊಲೀಸರ ದಂಡವಾದರೂ ಕಟ್ಟಬಹುದು. ಅಪಘಾತವಾದರೆ ಮಾನ್ಯ ಪರವಾನಗಿ ಇಲ್ಲವೆಂದು ಪ್ರಯಾಣ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ, ಆಸ್ಪತ್ರೆ ಬಿಲ್ಲು ಪೂರ್ತಿ ನಿಮ್ಮದು. ಅಲ್ಲಿ ರಸ್ತೆಯ ಬಲಬದಿಯ ಓಡಾಟ ಬೇರೆ. ಬೆಟ್ಟದ ದಾರಿ ಬೇಕೇ ಬೇಕೆಂದರೆ ಹಿಂಬದಿ ಕೂರಿಸಿಕೊಂಡು ಹೋಗುವ ಸ್ಥಳೀಯ ಚಾಲಕರನ್ನು ತಲಾ ಒಬ್ಬರಂತೆ ಗೊತ್ತು ಮಾಡಿಕೊಳ್ಳಿ, ಹೆಲ್ಮೆಟ್ಟಿನ ಪಟ್ಟಿ ಗಟ್ಟಿಯಿದೆಯೇ ನೋಡಿ.

ವಿಮೆ ಕೊಳ್ಳುವಾಗ ವೈದ್ಯಕೀಯ ಮೊತ್ತ ಕನಿಷ್ಠ 50,000 ಡಾಲರ್ ಇರಲಿ. ದ್ವಿಚಕ್ರದ ಹಿಂಬದಿ ಸವಾರರಿಗೆ ಅನ್ವಯಿಸುತ್ತದೆಯೇ ಎಂಬ ಸಾಲನ್ನು ಹುಡುಕಿ ಓದಿ.

ಸೈಗಾನ್, ವರ್ಷದ ಕೊನೆಯ ರಾತ್ರಿ, ವಾಪಸ್

ದಾ ನಾಂಗ್‌ನಿಂದ ಇಲ್ಲಿಗೆ ರೈಲಿನಲ್ಲಿ ಹದಿನೇಳು ಗಂಟೆ, ವಿಮಾನದಲ್ಲಿ ಒಂದೂಕಾಲು. ಈ ಒಂದು ಕಡೆ ವಿಮಾನವೇ ಸರಿ. ಉಳಿಯಲು ನಗರದ ನಡುಭಾಗ, ಅಂದರೆ 2025ರವರೆಗೆ ಡಿಸ್ಟ್ರಿಕ್ಟ್ 1 ಆಗಿದ್ದ ಪ್ರದೇಶ. 2024ರ ಡಿಸೆಂಬರ್ 22ರಂದು ಶುರುವಾದ ಮೆಟ್ರೊ ಮೊದಲ ಮಾರ್ಗ ಬೆನ್ ಥಾನ್ ಮಾರುಕಟ್ಟೆಯ ಬಳಿಯಿಂದಲೇ ಹೊರಡುತ್ತದೆ. ಅದೇ ಮಾರುಕಟ್ಟೆಗೆ ಹತ್ತಿರ, ನಡೆದು ಹೋಗುವ ದೂರದಲ್ಲಿ, ತಮಿಳು ವಲಸಿಗರು ಕಟ್ಟಿದ ಮಾರಿಯಮ್ಮನ ಗುಡಿ ಇದೆ. ರಸ್ತೆ ಬದಿಯಲ್ಲಿ ನಿಂತು ಫೋನ್ ನೋಡಬೇಡಿ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರಿದ್ದಾರೆ. ನಕ್ಷೆ ನೋಡಲು ಅಂಗಡಿಯೊಳಗೆ ಹೋಗಿ. ರಸ್ತೆ ದಾಟುವಾಗ ಒಂದೇ ವೇಗದಲ್ಲಿ ನಿಧಾನವಾಗಿ ನಡೆಯಿರಿ, ನಡುವೆ ಓಡುವುದು, ಹಿಂದೆ ಸರಿಯುವುದು ಅಪಾಯ. ಸೊಳ್ಳೆ ಮುಲಾಮು ಇಲ್ಲಿಂದ ಮುಂದಕ್ಕೆ ಹಗಲೂ ಹಚ್ಚಿ, ದಕ್ಷಿಣದಲ್ಲಿ ಡೆಂಗಿ ಇದೆ.

ಕ್ರಿಸ್ಮಸ್ ಅಲ್ಲಿ ಸರ್ಕಾರಿ ರಜೆಯಲ್ಲ. ಹನೋಯಿಯ ಸೇಂಟ್ ಜೋಸೆಫ್ ಚರ್ಚಿನ ಸುತ್ತ 24ರ ಸಂಜೆ ಕಾಲಿಡಲಾಗದಷ್ಟು ಜನ, ಅಷ್ಟೆ. ಜನವರಿ 1 ರಜೆ. 31ರ ರಾತ್ರಿ ಸೈಗಾನ್‌ನ ನ್ಗುಯೆನ್ ಹ್ಯೂ ಬೀದಿಯ ಸುತ್ತ ವಾಹನ ಸಂಚಾರ ನಿಂತುಹೋಗುತ್ತದೆ, ಗ್ರ್ಯಾಬ್ ಸಿಗುವುದಿಲ್ಲ, ಸಿಕ್ಕರೂ ದರ ದುಪ್ಪಟ್ಟು. ನಡೆದೇ ಕೋಣೆ ಸೇರುವಷ್ಟು ಹತ್ತಿರ ಉಳಿಯಿರಿ. ಹೋಟೆಲಿನ ವಿಳಾಸದ ಕಾರ್ಡ್ ಇಬ್ಬರ ಜೇಬಿನಲ್ಲೂ ಇರಲಿ, ಕೈ ತಪ್ಪಿದರೆ ಎಲ್ಲಿ ಸೇರಬೇಕೆಂದು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅಂಥ ಗದ್ದಲದಲ್ಲಿ ಫೋನ್ ಕರೆ ಕೇಳಿಸುವುದೇ ಇಲ್ಲ.

ಜನವರಿ 1, 2ರ ವಿಮಾನಕ್ಕೆ ಮೂರೂವರೆ ಗಂಟೆ ಮುಂಚೆ ನಿಲ್ದಾಣದಲ್ಲಿರಿ, ವಲಸೆ ತಪಾಸಣೆಯ ಸಾಲು ಉದ್ದವಿರುತ್ತದೆ. ಮಿಕ್ಕ ಡಾಂಗನ್ನು ಆ ಸಾಲಿಗೆ ಸೇರುವ ಮುಂಚೆ, ಹೊರಗಿನ ಬ್ಯಾಂಕ್ ಕೌಂಟರಿನಲ್ಲೇ ಡಾಲರ್ ಮಾಡಿಕೊಳ್ಳಿ. ಬೆಂಗಳೂರಿನಲ್ಲಿ ಅದನ್ನು ಕೊಳ್ಳುವವರು ಸಿಗುವುದು ಕಷ್ಟ. ಎರಡು ಕಾಫಿಗೆ, ಒಂದು ನೀರಿನ ಬಾಟಲಿಗೆ ಆಗುವಷ್ಟು, ಸುಮಾರು ಮೂರು ಲಕ್ಷ ಡಾಂಗ್ ಮಾತ್ರ ಕೈಯಲ್ಲಿಟ್ಟುಕೊಳ್ಳಿ. ಒಳಗೆ ಬೆಲೆ ಊರಿಗಿಂತ ಎರಡು ಮೂರು ಪಟ್ಟು.